ಟವೆಲಿನಡಿಯ ಬಿ.ಎ.

ಹೆಸರಿನ ಮುಂದೆ ಬಾಲವಿಲ್ಲದ ಗಂಡಸು ಹೆಣ್ಣುಮಗಳ ತಂದೆಯಾಗಬಾರದು. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ನಾನು ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿ ಇಟ್ಟುಕೊಂಡು, ಬೆಳೆಗಾರರನ್ನು ಅಳಿಸುತ್ತಾ ಸುಖವಾಗಿ ಇದ್ದುಬಿಡುತ್ತಿದ್ದೆ.

ಅರವತ್ತಾರನೇ ಇಸವಿಯಲ್ಲಿ ಮಗಳು ವರದಾಳಿಗೆ ಸಂಬಂಧ ಕುದುರಿತು. ಲಗ್ನಪತ್ರಿಕೆಗೆ ಹಾಕಬೇಕಾದ ಹೆಸರುಗಳನ್ನು ಬೀಗರು ಹೇಳಿ ಕಳಿಸಿದರು. ವರ ಬಿ.ಎಸ್ಸಿ., ವರನ ತಂದೆ ಬಿ.ಎ., ಬಿ.ಎಲ್., ಚಿಕ್ಕಪ್ಪ ಎಲ್.ಎಂ.ಪಿ. ಅವರ ಮನೆಯ ಬೆಕ್ಕಿಗೂ ಮೆಟ್ರಿಕ್ಯುಲೇಷನ್ ಆಗಿರಬೇಕು. ನಮ್ಮ ಕಡೆ ಮುಕುಂದಯ್ಯ, ಆಮೇಲೆ ಒಂದು ಚುಕ್ಕೆ.

"ಬರೀ ಮುಕುಂದಯ್ಯ ಅಂತ ಹಾಕ್ಸಿದ್ರೆ ಬೋಳುತಲೆ ಕಂಡ ಹಾಗೆ ಕಾಣ್ತದೆ," ಎಂದಳು ನನ್ನ ಹೆಂಡತಿ ಶಾಂತಮ್ಮ.

"ಇರೋದೂ ಬೋಳುತಲೆಯೇ ಅಲ್ವೇನೆ?"

"ತಲೆಗೆ ಟೋಪಿ ಹಾಕ್ಬಹುದು, ಹೆಸರಿಗೆ ಏನು ಹಾಕ್ಲಿ? ನನ್ನನ್ನ ನೋಡೋಕೆ ಬಂದಾಗ 'ಬಿ.ಎ.ಗೆ ಒಂದೇ ಸಬ್ಜೆಕ್ಟು ಬಾಕಿ' ಅಂತ ನಮ್ಮಪ್ಪನ ಹತ್ರ ಹೇಳಿದ್ರಲ್ಲ, ಆ ಬಾಕಿ ಮಗಳ ಮದುವೆಗಾದ್ರೂ ತೀರ್ಬೇಡ್ವಾ? ನೀವು ಬಿ.ಎ. ಆಗೋ ತನಕ ಪತ್ರಿಕೆ ಅಚ್ಚಿಗೆ ಹೋಗಲ್ಲ. ಪತ್ರಿಕೆ ಇಲ್ದೆ ಮದುವೆ ಇಲ್ಲ."

(ಶಾಂತಮ್ಮನ ಮಾತಿಗೆ ಅಪೀಲು ಇಲ್ಲ. ಇದ್ದರೆ ಅದನ್ನು ಕೇಳುವವಳೂ ಶಾಂತಮ್ಮನೇ.)

ಬಾಕಿ ಇದ್ದ ಆ ಸಬ್ಜೆಕ್ಟು ಮನಶ್ಶಾಸ್ತ್ರ. ಅಪ್ಪ ತೀರಿಕೊಂಡು ಮಂಡಿ ನನ್ನ ತಲೆಗೆ ಬಿದ್ದ ವರ್ಷ ಅದು ಅಲ್ಲಿಗೇ ನಿಂತಿತ್ತು. ಈಗ ಗಲ್ಲಾಪೆಟ್ಟಿಗೆಯ ಹಿಂದೆ ಅಡಿಕೆ ಮೂಟೆಗೆ ಒರಗಿ ಮತ್ತೆ ಓದತೊಡಗಿದೆ. ಮನುಷ್ಯನ ಮನಸ್ಸನ್ನು ಓದುವ ಶಾಸ್ತ್ರವನ್ನು ಮಂಡಿ ಸಾಹುಕಾರನಿಗೆ ಕಲಿಸುವುದೆಂದರೆ ಮೀನಿಗೆ ಈಜುವ ಪಾಠವಲ್ಲವೇ ಎಂದುಕೊಂಡಿದ್ದೆ. ಆದರೆ ಆ ಪುಸ್ತಕ ಬರೆದವರು ಒಬ್ಬನಾದರೂ ಬೆಳೆಗಾರನನ್ನು ಕಂಡಂತಿರಲಿಲ್ಲ. ಅವರ ಮನುಷ್ಯರೆಲ್ಲ ಇಲಿಗಳು ಮತ್ತು ನಾಯಿಗಳು.

ಕಲಿತದ್ದನ್ನು ಮನೆಯಲ್ಲಿ ಪ್ರಯೋಗಿಸಬೇಕಲ್ಲ? ಒಂದು ಬೆಳಿಗ್ಗೆ, "ಶಾಂತಾ, ನಿನ್ನ ಈ ಸಿಟ್ಟಿನ ಮೂಲ ನಿನ್ನ ಬಾಲ್ಯದಲ್ಲಿದೆ," ಎಂದೆ.

"ನನ್ನ ಸಿಟ್ಟಿನ ಮೂಲ ನಿನ್ನೆ ಸಂತೇಲಿದೆ. ಕೊತ್ತಂಬರಿ ತನ್ನಿ ಅಂದ್ರೆ ಪುದೀನ ತಂದ್ರಲ್ಲ!"

ಅವಳ ತಮ್ಮ ವಾಸಪ್ಪ ಹೈಸ್ಕೂಲು ಮೇಷ್ಟ್ರು, ಬಿ.ಎ., ಬಿ.ಟಿ. ದಿನಾ ಸಂಜೆ ಬಂದು ನಮ್ಮ ಕಾಫಿ ಕುಡಿದು, ನನ್ನನ್ನು ಪ್ರಶ್ನೆ ಕೇಳುತ್ತಿದ್ದ. "ಭಾವ, ಹ್ಯಾಬಿಟ್ ಅಂದ್ರೇನು ಹೇಳಿ ನೋಡಣ?" ನಾನು ಮೇಲೆ ನೋಡುತ್ತಿರುವಾಗಲೇ ಒಳಗಿನಿಂದ ಶಾಂತಮ್ಮ ಹೇಳುತ್ತಿದ್ದಳು: "ಯೋಚನೆ ಇಲ್ದೆ ತನ್ನಷ್ಟಕ್ಕೇ ನಡೆಯೋದು ಹ್ಯಾಬಿಟ್ಟು. ನೀನು ದಿನಾ ಇಲ್ಲಿಗೆ ಬರ್ತೀಯಲ್ಲ, ಹಾಗೆ." ಕನ್ನಡ ನಾಲ್ಕನೇ ಕ್ಲಾಸು ಓದಿದವಳು! ನನ್ನ ಗಟ್ಟಿ ಓದು ಕೇಳಿ ಕೇಳಿ ನನಗಿಂತ ಮೊದಲೇ ಅವಳು ಬಿ.ಎ. ಆಗಿಬಿಡುವ ಅಪಾಯವಿತ್ತು.

ಅಂತೂ ಬರೆಯುವ ಪರೀಕ್ಷೆ ದಾಟಿತು. ಉಳಿದದ್ದು ಬಾಯಿಪರೀಕ್ಷೆ. ಅದಕ್ಕೆ ನೂರು ಅಂಕ, ಮೂವತ್ತೈದು ಬಂದರೆ ಪಾಸು. ಸಾಗರದಲ್ಲಿ ನಡೆಯುವುದೆಂದು ತಿಳಿಯಿತು. ಹೊರಡುವ ದಿನ ವಾಸಪ್ಪ ತನ್ನ ಕರಿ ಕೋಟು ತಂದು ತೊಡಿಸಿದ. ಅದರ ಮೇಲೆ ನಾನು ಎಂದಿನ ಟವೆಲನ್ನು ಹೆಗಲಿಗೆ ಹಾಕಿದೆ.

"ಕೋಟಿನ ಮೇಲೆ ಟವೆಲ್ಲಾ? ಅದನ್ನಿಲ್ಲೇ ಬಿಟ್ಟು ಹೋಗಿ," ಎಂದಳು ಶಾಂತಮ್ಮ.

"ಟವೆಲ್ ಇಲ್ದಿದ್ರೆ ನನಗೆ ಬತ್ತಲೆ ನಿಂತ ಹಾಗಾಗ್ತದೆ ಕಣೆ."

"ಪರೀಕ್ಷೆ ಮಾಡೋರು ಟವೆಲ್ ನೋಡಿ ನಗ್ತಾರೆ."

"ನಗಲಿ. ನಗೋರು ಫೇಲ್ ಮಾಡಲ್ಲ. ಇದು ಮನಶ್ಶಾಸ್ತ್ರ."

ಟವೆಲಿನ ಮಹಿಮೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಅಡಿಕೆ ಪೇಟೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೆ ಟವೆಲು ಮುಚ್ಚುತ್ತಾರೆ. ಒಂದು ಬೆರಳು ಹಿಡಿದರೆ ಹತ್ತು, ಇಡೀ ಕೈ ಹಿಡಿದರೆ ಐವತ್ತು, ಅಂಗೈಯಲ್ಲಿ ಉಗುರಿನಿಂದ ಗೀರಿದರೆ ಐದು, ಚಿವುಟಿದರೆ ಒಂದು. ಬಾಯಿ ಮಾತ್ರ ಬೇರೇನೋ ಮಾತಾಡುತ್ತಿರುತ್ತದೆ, ಮುಖ ಕಲ್ಲಿನ ಹಾಗಿರುತ್ತದೆ. ಟವೆಲಿನ ಅಡಿಯಲ್ಲಿ ಒಪ್ಪಿದ್ದನ್ನು ಹೊರಗೆ ಬಂದು ಮುರಿಯುವಂತಿಲ್ಲ. ಕೊಳ್ಳುವವರ ಪೈಕಿ ನನ್ನ ಕೈಯ ಹೆಸರು ಹುಲಿಕಲ್ ಘಾಟಿಯ ಕೆಳಗೂ ಗೊತ್ತು. ಎಂಥ ರೇಟನ್ನೂ ಇಳಿಸದೆ ಬಿಟ್ಟ ಕೈ ಅಲ್ಲ ಅದು.

ಹೊಸನಗರ, ಬಟ್ಟೆಮಲ್ಲಪ್ಪ ದಾಟಿ ಬಸ್ಸು ಸಾಗರ ಸೇರುವಷ್ಟರಲ್ಲಿ ಓದಿದ್ದೆಲ್ಲ ಒಂದರೊಳಗೊಂದು ಕಲಸಿಹೋಗಿತ್ತು. ಪರೀಕ್ಷಕರ ಹೆಸರು ನಾರಾಯಣಮೂರ್ತಿ. ವಯಸ್ಸು ಮೂವತ್ತು ಮೀರಿರಲಿಕ್ಕಿಲ್ಲ, ಕುತ್ತಿಗೆಗೆ ಟೈ. ನನ್ನ ಟವೆಲು ನೋಡಿ ಅವರು ನಗಲಿಲ್ಲ. ಕಳೆದುಹೋದ ನೆಂಟನನ್ನು ಕಂಡಂತೆ ನೋಡಿದರು.

"ಹ್ಯಾಬಿಟ್ ಅಂದರೇನು, ಸ್ವಂತ ಉದಾಹರಣೆ ಕೊಟ್ಟು ಹೇಳಿ."

ಶಾಂತಮ್ಮನ ವಾಕ್ಯವನ್ನೇ ಇಂಗ್ಲಿಷಿಗೆ ತಿರುಗಿಸಿ ಒಪ್ಪಿಸಿದೆ. ಉದಾಹರಣೆಗೆ ವಾಸಪ್ಪನನ್ನೂ ಕಾಫಿಯನ್ನೂ ಕೊಟ್ಟೆ. ಅವರಿಗೆ ಬಹಳ ಹಿಡಿಸಿತು. ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದರು, ಎಲ್ಲವೂ ಅಡಿಗೆಮನೆಯಿಂದ ಉತ್ತರ ಬಂದಿದ್ದ ಪ್ರಶ್ನೆಗಳೇ. ಕೊನೆಗೆ ಎದ್ದು, "ಈ ವಯಸ್ಸಲ್ಲಿ ಇಷ್ಟು ಶ್ರದ್ಧೆ! ಬಹಳ ಸಂತೋಷ," ಎಂದು ದೊಡ್ಡಸ್ತಿಕೆಯಿಂದ ಬಲಗೈ ಚಾಚಿದರು.

ಆಮೇಲೆ ನಡೆದದ್ದರಲ್ಲಿ ನನ್ನ ಪಾತ್ರವಿಲ್ಲ. ಕೈ ಕಂಡಿತು, ನನ್ನ ಕೈ ಅದನ್ನು ಹಿಡಿಯಿತು, ಎಡಗೈ ಹೆಗಲಿನಿಂದ ಟವೆಲು ಎಳೆದು ಮೇಲೆ ಹೊದಿಸಿತು. ಎರಡು ಬೆರಳು ಒತ್ತಿದೆ. ಇಪ್ಪತ್ತು.

ಪರೀಕ್ಷಕರ ಕಣ್ಣು ಅರಳಿತು. ಒಂದು ಕ್ಷಣ ಟವೆಲಿನ ಅಡಿ ಏನೂ ಅಲ್ಲಾಡಲಿಲ್ಲ. ಆಮೇಲೆ ಅವರ ಕೈ ನನ್ನ ಇಡೀ ಕೈ ಹಿಡಿದು, ಬಿಟ್ಟು, ಇನ್ನೊಂದು ಬೆರಳು ಒತ್ತಿತು. ಅರವತ್ತು!

ತಿಳಿಯಿತು: ಇದು ತೋಟದ ಮನೆಯ ಕೈ. ಅಪ್ಪನ ಜೊತೆ ಪೇಟೆಗೆ ಬಂದು ಬೆಳೆದ ಕೈ. ನನಗೆ ರಕ್ತ ಬಿಸಿಯಾಯಿತು.

"ಎಮೋಷನ್ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಎಂದಿತು ಅವರ ಬಾಯಿ.

"ಅದನ್ನು ತೋರಿಸಬಾರದು ಸಾರ್," ಎಂದಿತು ನನ್ನ ಬಾಯಿ. ಎರಡು ಬೆರಳು, ಒಂದು ಗೀರು. ಇಪ್ಪತ್ತೈದು.

"ಆಗ್ತಿಲ್ಲೆ, ಆಗ್ತಿಲ್ಲೆ!" ಟೈ ಕಟ್ಟಿದ ಗಂಟಲಿನಿಂದ ಮನೆಮಾತು ಹೊರಬಿತ್ತು. ಐವತ್ತೈದು ಅಂದರು.

ನಾನು ಕೈ ಕೊಡವಿ ಹೊರಡುವ ನಾಟಕ ಮಾಡಿದೆ. ಅವರು ಕೈ ಬಿಡಲಿಲ್ಲ. ಐವತ್ತಕ್ಕೆ ಬಂದರು. ನಾನು ಮೂವತ್ತಕ್ಕೆ ಏರಿದೆ. ಅವರು ನಲವತ್ತೈದು, ಆಮೇಲೆ ಬೆವರುತ್ತಾ ನಲವತ್ತು. ಬಾಗಿಲಲ್ಲಿದ್ದ ಜವಾನ ಬಾಯಿ ತೆರೆದು ನಿಂತಿದ್ದ. ಕೊನೆಗೆ ನಾನು ಮೂರು ಬೆರಳು ಒತ್ತಿ, ಉಗುರಿನಿಂದ ಗಟ್ಟಿಯಾಗಿ ಗೀರಿ ನಿಲ್ಲಿಸಿದೆ. ಮೂವತ್ತೈದು. ಬೇಕಿದ್ದರೆ ಕೊಡು, ಇಲ್ಲದಿದ್ದರೆ ಬಿಡು.

"ಇನ್ನೊಂದ್ಸಲ ಯೋಚನೆ ಮಾಡಿ," ಎಂದರು ಪರೀಕ್ಷಕರು, ಮೆಲ್ಲಗೆ, ಅಳುವಂತೆ.

"ಇಷ್ಟೇ. ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ."

"ಟವೆಲಿನ ಅಡಿ ಆದದ್ದನ್ನ ಮುರಿಬಾರ್ದು ಅಂತ ಅಪ್ಪಯ್ಯ ಹೇಳ್ತಿದ್ದ," ಎಂದು ಅವರು ನಿಟ್ಟುಸಿರು ಬಿಟ್ಟು ಕುರ್ಚಿಗೆ ಕುಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹಾಡಿಕೊಳ್ಳಬೇಕು ಅನ್ನಿಸುತ್ತಿತ್ತು. ಟೈ ಕಟ್ಟಿದ ವಿದ್ವಾಂಸನನ್ನು ಅರವತ್ತರಿಂದ ಮೂವತ್ತೈದಕ್ಕೆ ಕೆಡವಿದ ವ್ಯಾಪಾರಿ ಇನ್ನೊಬ್ಬನಿದ್ದರೆ ತೋರಿಸಿ! ಮನೆ ಮೆಟ್ಟಿಲು ಹತ್ತುವಾಗಲೇ ಕೂಗಿದೆ: "ಶಾಂತಾ, ಪಾಸು!"

ವರದಾ ಓಡಿಬಂದಳು, ವಾಸಪ್ಪ ಕಾಫಿ ಲೋಟ ಕೆಳಗಿಟ್ಟ. ನಾನು ಟವೆಲು ಹಿಡಿದು ನಡೆದದ್ದನ್ನೆಲ್ಲ ಬೆರಳು ಬೆರಳಾಗಿ ವರ್ಣಿಸಿದೆ. ಕೊನೆಯ ಗೀರಿಗೆ ಬಂದಾಗ ಚಪ್ಪಾಳೆ ಬೀಳುವುದೆಂದು ನಿಂತೆ. ಬೀಳಲಿಲ್ಲ.

ಶಾಂತಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಇರಿ. ಅವ್ರು ಕೊಡೋರು, ಅಲ್ವಾ?"

"ಹೌದು."

"ತಗೊಳೋರು ನೀವು?"

"ಮತ್ತಿನ್ಯಾರು?"

"ಅವ್ರು ಅರವತ್ತು ಅಂಕ ಕೊಡ್ತೀನಿ ಅಂದ್ರು. ಫಸ್ಟ್ ಕ್ಲಾಸು. ಬೇಡ ಬೇಡ, ಮೂವತ್ತೈದೇ ಸಾಕು ಅಂತ ನೀವು ಬೆವರು ಸುರಿಸಿ ಜಗಳ ಆಡಿ ಬಂದ್ರಾ?"

ಆಗ ನನಗೆ ಕೂರಲು ಒಂದು ಮಣೆ ಬೇಕಾಯಿತು. ವಾಸಪ್ಪ ನಗು ತಡೆಯಲಾಗದೆ ಹಿತ್ತಲಿಗೆ ಓಡಿದ.

ಆದರೆ ಶಾಂತಮ್ಮ ಕಲ್ಲುಮನಸ್ಸಿನವಳಲ್ಲ. ಫಲಿತಾಂಶ ಬಂದ ದಿನ, "ಹೋಗ್ಲಿ, ಮೂವತ್ತೈದಾದ್ರೂ ಬಿ.ಎ. ಬಿ.ಎ.ನೇ. ಮದುವೆ ನಿಲ್ಲೋದು ಬೇಡ. ಪ್ರೆಸ್ಸಿನ ಜಟ್ಟಪ್ಪನ ಹತ್ರ ಹೋಗಿ, ನಿಮ್ಮ ಹೆಸರಿನ ಮುಂದೆ ದೊಡ್ಡ ಅಕ್ಷರದಲ್ಲಿ ಹಾಕ್ಸಿ," ಎಂದು ನನ್ನನ್ನು ಕಳಿಸಿದಳು. ಅವಸರದಲ್ಲಿ ಒಂದನ್ನು ಮರೆತಳು. ಟವೆಲು ಕಸಿದುಕೊಳ್ಳಲಿಲ್ಲ.

"ಓಹೋ, ಸಾಹುಕಾರ್ರು ಬಿ.ಎ. ಆದ್ರಂತೆ!" ಎಂದ ಜಟ್ಟಪ್ಪ. "ಇಪ್ಪತ್ನಾಲ್ಕು ಪಾಯಿಂಟಿನ ಅಕ್ಷರದಲ್ಲಿ ಹಾಕೋಣ, ದೂರದಿಂದಲೂ ಕಾಣ್ಬೇಕು. ಎಲ್ಲಿ, ಕೈ ಕೊಡಿ!"

ಕೊಟ್ಟೆ.

ಜಟ್ಟಪ್ಪ ಇಪ್ಪತ್ತು ಅಂದ, ಹದಿನೆಂಟು ಅಂದ, ಹನ್ನೆರಡಕ್ಕಿಂತ ಕೆಳಗೆ ಬೇಡ ಎಂದು ಅಂಗಲಾಚಿದ. ಆರು ಪಾಯಿಂಟಿಗೆ ಇಳಿಸಿ ಮುಗಿಸಿದೆ. ಅದಕ್ಕಿಂತ ಸಣ್ಣ ಅಚ್ಚಿನ ಮೊಳೆ ಅವನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಹೇಳಲಿಕ್ಕಾಗದು.

ಪತ್ರಿಕೆ ಮನೆಗೆ ಬಂತು. ಮೊದಲನೆಯದಕ್ಕೆ ಅರಿಶಿನ ಹಚ್ಚಿ ಶಾಂತಮ್ಮ ತಮ್ಮನ ಕೈಗೇ ಕೊಟ್ಟಳು. ವಾಸಪ್ಪ ಕನ್ನಡಕ ಏರಿಸಿ ಓದುತ್ತಾ ಬಂದವನು ನನ್ನ ಹೆಸರಿನ ಹತ್ತಿರ ನಿಂತ.

"ಇಲ್ನೋಡಿ ಭಾವ, ಅಚ್ಚು ಒಣಗೋ ಮೊದಲೇ ನೊಣ ಕೂತ್ಬಿಟ್ಟಿದೆ," ಎಂದು ಉಗುರಿನಿಂದ ಕೆರೆದ.

ನನ್ನ ಬಿ.ಎ. ಚೆನ್ನಾಗಿ ಎದ್ದು ಬಂತು.