ದಿಲ್ಲಿ ಅಳಿಯನ ಎರಡೂವರೆ ತಾಸು

ಗೋಕಾಕದ ನಮ್ಮ ಓಣಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬೀಳುವವರಿಗೆ ಬರವಿಲ್ಲ. ಮೊದಲೆಲ್ಲ ಸುಳ್ಳು ನಡೆದುಕೊಂಡು ಬರುತ್ತಿತ್ತು, ಈಗ ವಿಮಾನ ಹತ್ತಿ ಬರುತ್ತದೆ. ನನ್ನ ಮೈ ಉರಿಯುವುದು ಅದಕ್ಕೇ.

೧. ಆರಿದ ಹೋಳಿಗೆ

ಬಾಜೂ ಮನೆಯ ಹುಡುಗಿ ಹೆಣ್ಣು ಹಡೆದು ತವರಲ್ಲಿದ್ದಳು. ಗಂಡನ ಊರು ಹುಕ್ಕೇರಿ, ನೌಕರಿ ದಿಲ್ಲಿಯಲ್ಲಿ. ಕೂಸಿಗೆ ಹೆಸರಿಡಬೇಕು, ಅವಳ ಅವ್ವ ಒಂದು ಹೆಸರು ಹಿಡಿದು ಕೂತರೆ ಅವನ ಅವ್ವ ಇನ್ನೊಂದು. ಕೂಸಿನ ಅಪ್ಪ ಬಂದು ಹೇಳಿದ್ದೇ ಹೆಸರು ಎಂದು ಹುಡುಗಿಯ ಹಟ.

"ವಿಮಾನದಾಗ ಬೆಳಗಾವಿಗೆ ಎರಡೂವರಿ ತಾಸು ರೀ ಅತ್ತಿ. ಹೋಳಿಗಿ ಆರೂದ್ರಾಗ ಬರ್ತೇನಿ," ಎಂದ ಫೋನಿನಲ್ಲಿ.

ಹೋಳಿಗೆ ಆರಿತು, ಮರುದಿನ ಹಳಸಿತು. ಕೇಳಿದರೆ, "ಮಂಜು ಬಿದ್ದೈತ್ರಿ."

ಹೋಳಿಗೆಯನ್ನು ಎಮ್ಮೆಗೆ ಹಾಕಿದರು. ಅದಾದರೂ ಒಂದು ಸಲ ಕರೆದದ್ದಕ್ಕೇ ಬಂತು.

೨. ಮಾಸ್ತರ್ ಲೆಕ್ಕ

ಎರಡನೇ ಸಲವೂ ಅವನು ಬರಲಿಲ್ಲ. ಮೂಡಲಗಿಯಿಂದ ಬಂದಿದ್ದ ಹುಡುಗಿಯ ಸೋದರಮಾವ ಸಾಲಿ ಮಾಸ್ತರ್. ಎರಡೂವರೆ ತಾಸೆಂಬುದೇ ಸುಳ್ಳು ಎಂದು ನಾನಂದದ್ದಕ್ಕೆ ಫೋನ್ ತೆರೆದು ನನಗೆ ಬುದ್ಧಿ ಹೇಳಲು ಬಂದ.

"ಸಾವಿರದೈನೂರು ಕಿಲೋಮೀಟರ್ ರೀ ಆಯಿ. ಆದರ ಮ್ಯಾಲೆ ಹಾದಿ ಸೀದಾ ಐತಿ, ಅದಕ್ಕ ಲಗೂ."

"ಹಾದಿ ಸೀದಾ ಇದ್ರ ನಿಮ್ಮ ಅಳಿಯಾ ಎಲ್ಲಿ ಹೊಳ್ಳಿದ?"

"ವಿಮಾನ ಹತ್ತಾಕ ಸರತಿ ನಿಲ್ಲಬೇಕು, ಇಳದು ಚೀಲಾ ತಗೊಬೇಕು, ಅದನ್ನೂ ಲೆಕ್ಕಕ್ಕ ಹಿಡೀಬೇಕಲ್ರಿ."

"ಹಿಡೀರಿ. ಉಂಡದ್ದು, ಉಚ್ಚಿ ಹೊಯ್ದದ್ದು ಎಲ್ಲಾ ಹಿಡೀರಿ. ಕೂಸು ಬೋರಲ ಬೀಳಾಕತ್ತೈತಿ, ಹೆಸರಿಲ್ಲ."

ಲೆಕ್ಕ ಹೇಳುವಷ್ಟರಲ್ಲಿ ಮಾಸ್ತರನ ಮೂಡಲಗಿ ಬಸ್ಸು ಹೋಗಿತ್ತು.

೩. ಹುಕ್ಕೇರಿಯ ಥಂಡಿ

ನನ್ನ ಬೀಗರ ಮನೆಗೆಂದು ಹುಕ್ಕೇರಿಗೆ ಹೋದೆ. ಹಾದಿಯಲ್ಲೇ ಆ ಅಳಿಯನ ಮನೆ. ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾನೆ, ದಿಲ್ಲಿಯ ಸಾಹೇಬ. ರಜೆಗೆ ಬಂದು ಒಂದು ಹುಣ್ಣಿಮೆಯೇ ಕಳೆದಿತ್ತಂತೆ, ಬಾಜೂದವರು ಅಂದರು. ಬೆವರು ಒರೆಸಿಕೊಳ್ಳುತ್ತ ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದ:

"ಭಾಳ ಥಂಡಿ ಐತಿ ಇಲ್ಲಿ. ವಿಮಾನ ಏಳಾಕತ್ತಿಲ್ಲ."

ನಾನು ಬಂದ ಹಾದಿಯಲ್ಲೇ ತಿರುಗಿದೆ. ಹುಡುಗಿಗೇ ಮೊದಲು ತಿಳಿಯಬೇಕು ಎಂದು ಹಲ್ಲು ಕಚ್ಚಿ ಬಸ್ಸು ಹತ್ತಿದೆ. ಗೋಕಾಕ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ಮಾತ್ರ ಹೇಳಿದ್ದೆ.

೪. ಬೆನ್ನಿನ ಪದ್ಧತಿ

ಹುಡುಗಿ ಅಳಲಿಲ್ಲ. ಮರುದಿನ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹುಕ್ಕೇರಿ ಬಸ್ಸು ಹತ್ತಿದಳು. ಹಿಂದೆ ಅವಳ ಅವ್ವ, ನಾನು.

ಬಾಗಿಲಿಗೆ ಬಂದ ಅವನ ಅವ್ವ, "ಈಗರ ಬಂದಾನ್ರಿ, ವಿಮಾನದಾಗ," ಅಂದಳು.

"ಹೌದನ? ಎಲ್ಲಿ ಕಟ್ಟೀರಿ ವಿಮಾನಾ, ಎಮ್ಮಿ ಬಾಜೂಕನ?" ಅಂದೆ.

ಅವನು ತಲೆ ಬಗ್ಗಿಸಿದ. "ಯಾವ ಹೆಸರಂದ್ರೂ ಇಬ್ಬರು ಅವ್ವಂದ್ರಾಗ ಒಬ್ಬಾಕಿ ಮಾತ ಬಿಡ್ತಿದ್ಲರಿ. ಅದಕ್ಕ..."

"ಹೆಸರು ನಾ ಹೇಳ್ತೇನಿ," ಅಂದಳು ಹುಡುಗಿ. "ಕೂಸಿನ ಕಿವ್ಯಾಗ ನೀವ ಕುರ್ರ ಅನ್ರಿ."

ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ ಎಂದು ಹೆಸರು ಹೇಳುತ್ತಾಳೆ. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಅತ್ತೆಯ ಕೆಲಸ ಅಪ್ಪನಿಗೆ ಬಂದಿತ್ತು. ಅವನು ಬಗ್ಗಿದ. ಮೊದಲ ಗುದ್ದು ಹುಡುಗಿಯ ಅವ್ವನದು, ಆಮೇಲಿನದು ನನ್ನದು. ಆ ಓಣಿಯ ಹೆಂಗಸರೂ ಗುದ್ದಲು ಒಳಗೆ ಬಂದರು.

"ಪದ್ಧತಿಗೆ ಒಂದ ಗುದ್ದು ಸಾಕಲ್ರಿ," ಅಂದಳು ಅವನ ಅವ್ವ.

"ಅದು ಹುಕ್ಕೇರಿ ಪದ್ಧತಿ ರೀ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಗೋಕಾಕದ್ದು ಇನ್ನೂ ಮುಗದಿಲ್ಲ."