ನಕ್ಷೆಯ ಹಸಿರು ಚೌಕದಲ್ಲಿ ಒಂದು ಕುರ್ಚಿಯ ಜಾಗ ಕೋರಿ

ಬ್ರಾಡ್‌ಬ್ಯಾಂಡ್ ನಕ್ಷೆ ತಯಾರಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೂರೆಂಟು ಕೆಲಸಗಳ ನಡುವೆಯೂ ರಾಜ್ಯದ ಮೂಲೆಮೂಲೆಗೆ ಹಸಿರು ಬಣ್ಣ ತಲುಪಿಸಿರುವ ತಮಗೆ, ತಾನು ಸುಖವಾಗಿದ್ದೇನೆಂದು ತಮ್ಮ ನಕ್ಷೆಯಿಂದಲೇ ತಿಳಿದುಕೊಂಡ ಬಡಗಿಯೊಬ್ಬನ ಸವಿನಯ ನಮಸ್ಕಾರಗಳು.

ನಮ್ಮ ಬೀದಿಗೆ ಇಂಟರ್‌ನೆಟ್ ಬಂದು ಎರಡು ವರ್ಷವಾಯಿತೆಂಬ ಸಂತೋಷದ ಸುದ್ದಿ ನಮಗೆ ಸಿಕ್ಕಿದ್ದು ಅಂಚೆ ಕಚೇರಿಯ ಗೋಡೆಯ ಮೇಲಿನ ಆ ನಕ್ಷೆಯಲ್ಲಿ; ತಂತಿ ಬಂದ ಚೌಕಕ್ಕೆಲ್ಲ ಅಲ್ಲಿ ಹಸಿರು ಬಣ್ಣ. ಒಂದು ಚೌಕದೊಳಗೆ ಒಂದೇ ಕಟ್ಟಡಕ್ಕೆ ತಂತಿ ಬಂದರೂ ಇಡೀ ಚೌಕಕ್ಕೆ ಬಂದಂತೆ ಎಂಬುದು ತಮ್ಮ ನಿಯಮವಂತೆ. ನಮ್ಮಲ್ಲಿ ಆ ಭಾಗ್ಯ ಬಾಗಿಲು ಮುಚ್ಚಿರುವ ಮರದ ಮಿಲ್ಲಿನದು. ಅಲ್ಲಿನ ಪಾರಿವಾಳಗಳು ತಮ್ಮ ಸೇವೆಯ ಬಗ್ಗೆ ಇದುವರೆಗೆ ಒಂದು ದೂರನ್ನೂ ಕೊಟ್ಟಿಲ್ಲವೆಂದು ನಾನೂ ಒಪ್ಪುತ್ತೇನೆ. ಒಂದು ಮನೆಗೆ ಕಿಟಕಿ ಕೂರಿಸಿ, ಇಡೀ ಬೀದಿಗೆ ಗಾಳಿ ಬಂತು ಎಂದು ನಾನು ಹೇಳಿದ್ದರೆ ಗಿರಾಕಿಗಳು ನನ್ನ ಸುತ್ತಿಗೆಯನ್ನೇ ಕಿತ್ತುಕೊಂಡು ಅಟ್ಟಿಸಿಕೊಂಡು ಬರುತ್ತಿದ್ದರು.

ನನಗೆ ಬೇಕಿರುವುದು ನನ್ನ ಮೊಮ್ಮಗಳ ಮಾತು. ಐದು ವರ್ಷವಾದರೂ ನಾಲಿಗೆ ಸರಿಯಾಗಿ ಹೊರಳದ ಅವಳಿಗೆ ದೂರದ ನಗರದ ಶಿಕ್ಷಕಿಯೊಬ್ಬರು ಪ್ರತಿ ಮಂಗಳವಾರ ವಿಡಿಯೊ ಕರೆಯಲ್ಲಿ ಮಾತು ಕಲಿಸುತ್ತಾರೆ. ನೀರಿನ ಟ್ಯಾಂಕಿನ ಮೆಟ್ಟಿಲೇರಿ ಕುಳಿತರೆ ಮೊಬೈಲಿಗೆ ತುಸು ಸಿಗ್ನಲ್ ಸಿಗುತ್ತದೆ. ಆ ತುಸು ಸಿಗ್ನಲ್‌ನಲ್ಲೇ ಪರದೆಯ ಮೇಲಿನ ಶಿಕ್ಷಕಿ ಒಂದು ಪದ ಶುರುಮಾಡಿ, ಬಾಯಿ ತೆರೆದಂತೆಯೇ ಕಲ್ಲಾಗಿ ನಿಂತು, ಎಷ್ಟೋ ಹೊತ್ತಿನ ಮೇಲೆ ಉಳಿದರ್ಧ ಹೇಳುತ್ತಾರೆ. ಶ್ರದ್ಧೆಯ ಮಗು, ಹಾಗೆಯೇ ಕಲಿತಿದೆ. 'ಅ' ಎಂದು ಬಾಯಿ ತೆರೆದು, ಕಣ್ಣು ಮಿಟುಕಿಸದೆ ನಿಂತು, ಕೊನೆಗೆ 'ಜ್ಜ' ಎನ್ನುತ್ತದೆ. ಮೊದಲ ಸಲ ಮನೆಯವರೆಲ್ಲ ನಕ್ಕೆವು. ಈಗ ಯಾರೂ ನಗುವುದಿಲ್ಲ.

ಸಿಗ್ನಲ್ ಸಿಗದೆ ಎರಡು ಪಾಠ ತಪ್ಪಿವೆ. ಮೂರನೆಯದೂ ತಪ್ಪಿದರೆ ಅವಳ ಜಾಗ ಸಾಲಿನಲ್ಲಿ ಕಾಯುತ್ತಿರುವ ಇನ್ನೊಂದು ಮಗುವಿಗೆ ಹೋಗುತ್ತದೆ. ಅದೇ ಟ್ಯಾಂಕ್ ಹತ್ತಿ ತಮ್ಮ ಸಹಾಯವಾಣಿಗೆ ಕರೆ ಮಾಡಿದಾಗ, ಅಲ್ಲಿನ ಹುಡುಗಿ ಬಹಳ ನಯವಾಗಿ, "ನಿಮ್ಮ ಮನೆ ಇಂಟರ್‌ನೆಟ್‌ನಿಂದ್ಲೇ ದೂರು ಕಳಿಸ್ಬೇಕು ಸರ್, ಇಲ್ಲಾಂದ್ರೆ ತಗೊಳಲ್ಲ" ಎಂದಳು. ಬಾವಿಗೆ ಬಿದ್ದವನು ಮೇಲೆ ಬಂದು ಹಗ್ಗ ಕೇಳಬೇಕೆಂಬ ಈ ಶಿಸ್ತಿಗೆ ನಾನು ತಲೆಬಾಗುತ್ತೇನೆ.

ಆದ್ದರಿಂದ ತಂತಿ ಎಳೆಸಿ ಎಂದು ಕೇಳಿ ತಮ್ಮನ್ನು ಮುಜುಗರಕ್ಕೆ ಒಳಪಡಿಸಲಾರೆ. ನಕ್ಷೆಯೊಳಗಿರುವ ನಮ್ಮ ಬೀದಿಯಲ್ಲಿ, ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಒಂದು ಮಗು ಕೂರುವಷ್ಟು ಜಾಗ ದಯಪಾಲಿಸಬೇಕು. ಕುರ್ಚಿಯನ್ನು ನಾನೇ ಮಾಡಿ ತರುತ್ತೇನೆ.

ಹಸಿರು ಚೌಕದೊಳಗಿನ
ತಮ್ಮ ವಿಶ್ವಾಸಿ,
ಒಬ್ಬ ಬಡಗಿ

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಮಂಗಳವಾರ ಬಂದು ಹೋಯಿತು, ಸಿಗ್ನಲ್ ಬರಲಿಲ್ಲ. ಪಾಠದಲ್ಲಿ ಅವಳ ಜಾಗ ಬೇರೆ ಮಗುವಿಗೆ ಹೋಗಿದೆ. ಅದು ಯಾರ ಮಗುವೋ, ಯಾವ ಊರಿನದೋ ನನಗೆ ಗೊತ್ತಿಲ್ಲ. ಅದರ ಬೀದಿಗೆ ತಾವು ಇನ್ನೂ ಬಣ್ಣ ಬಳಿಯದಿದ್ದರೆ, ದಯವಿಟ್ಟು ಆ ಮಗುವಿನ ಮನೆಗೆ ತಂತಿ ಬರುವವರೆಗೆ ಕಾಯಿರಿ.