ಕಲ್ಲು ಸಾಕಿದ ಕಾಕಾ

ಕೆಲವರು ನಾಯಿ ಸಾಕುತ್ತಾರೆ, ಕೆಲವರು ಗಿಣಿ. ನಮ್ಮ ಕಾಕಾ ಕಲ್ಲು ಸಾಕುತ್ತಾರೆ! ನಗಬೇಡಿ. ಹೊತ್ತುಹೊತ್ತಿಗೆ ನೀರು, ಬೆಳಕು, ಸುಣ್ಣ ಎಲ್ಲ ಕೊಟ್ಟು ಸಾಕುತ್ತಾರೆ. ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಜ್ವರ ಬಂದದ್ದು ಅವರಿಗೆ ತಿಳಿಯುವುದು ಚಹಾ ತಪ್ಪಿದಾಗ. ಕಲ್ಲಿಗೆ ಸೆಕೆಯಾದರೆ ಕೂಡಲೇ ತಿಳಿಯುತ್ತದೆ. ಕಲ್ಲಿನ ಗಾಜಿನ ತೊಟ್ಟಿಯೊಳಗೆ ಥರ್ಮಾಮೀಟರ್ ಇದೆಯಲ್ಲ!

ಏಳನೇ ಇಯತ್ತೆ ಮುಗಿಸಿ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದವರು ಅವರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಲೇಥ್ ಮುಂದೆ ನಿಂತೇ ನಿವೃತ್ತರಾದರು. ಒಂದು ಜನವರಿ ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ಹೋದರು. ಎಲ್ಲರೂ ಅಲ್ಲಿಂದ ಬೆಡ್‌ಶೀಟ್ ತಂದರೆ ಇವರು ಉಪ್ಪುನೀರಿನ ಅಕ್ವೇರಿಯಂನ ಹುಚ್ಚು ತಂದರು. ಸಮುದ್ರವೇ ಇಲ್ಲದ ಊರಿನಲ್ಲಿ! ಅಂಗಡಿಯಿಂದ ಉಪ್ಪಿನ ಪುಡಿ ತಂದು, ಆರ್‌ಒ ನೀರಿಗೆ ಕಲಸಿ, ಪಡಸಾಲೆಯಲ್ಲೇ ಸಮುದ್ರ ಮಾಡಿಬಿಟ್ಟರು.

ಅದರಲ್ಲಿ ಕಲ್ಲು ಹಲವು, ಮೀನು ಎರಡೇ. ಬಂದವರು ಅವನ್ನು ನೋಡಿದರೆ ಕಾಕಾಗೆ ಸಿಟ್ಟು.

"ಮೀನ ಏನ ನೋಡ್ತೀರಿ? ಮಾರ್ಕೆಟ್‌ನಾಗೂ ಸಿಗ್ತಾವ. ಕಲ್ಲು ನೋಡ್ರಿ, ಕಲ್ಲು!"

ಕಲ್ಲಿನ ಮೈಗೆ ತೆಳ್ಳನೆಯ ಹೊದಿಕೆಯೊಂದು ಹತ್ತಿತ್ತು. ಸೀರೆ ಅಂಗಡಿಯಲ್ಲಿ ರಾಣಿ ಬಣ್ಣ ಅನ್ನುತ್ತಾರಲ್ಲ, ಅದೇ ಬಣ್ಣ.

"ಇದು ಪಾಚಿರಿ. ನೀರಾಗಿನ ಸುಣ್ಣ ತೊಗೊಂಡು ತನ್ನ ಮೈ ಕಲ್ಲು ಮಾಡ್ಕೊತೈತಿ. ಇದು ಬೆಳೀತಂದ್ರ ನೀರು ನೆಟ್ಟಗೈತಿ ಅಂತ ಅರ್ಥ. ಇದು ಕುಂತಲ್ಲಿ ಹಸರ ಪಾಚಿಗೆ ಜಾಗಾ ಸಿಗಂಗಿಲ್ಲ. ಪಟಾನ್‌ಚೆರು ಬಸ್‌ನಾಗ ಮೊದಲ ಕರ್ಚೀಫ್ ಒಗದಂಗ!"

ಪ್ರತಿ ಭಾನುವಾರ ಗಾಜಿಗೆ ಲೇಥ್ ಕಾಲದ ವರ್ನಿಯರ್ ಅಳತೆಪಟ್ಟಿ ಹಚ್ಚಿ ಆ ಬಣ್ಣದ ಚುಕ್ಕೆಗಳನ್ನು ಅಳೆಯುತ್ತಿದ್ದರು. "ಅರ್ಧ ಮಿಲಿಮೀಟರ್ ಬೆಳದೈತಿ!" ಎಂದು ಕೂಗುವ ದನಿ ಕೇಳಿದರೆ ಮೊಮ್ಮಗ ಮೊದಲ ಹೆಜ್ಜೆ ಇಟ್ಟನೇನೋ ಅನ್ನಬೇಕು. ಪಾಚಿ ಮುಂದಿನ ಗಾಜಿಗೂ ಹಬ್ಬಿತು. ಎಲ್ಲರೂ ಅದನ್ನು ಕೆರೆದು ತೆಗೆಯುತ್ತಾರಂತೆ. ಇವರು ಕೆರೆದಾರೆಯೇ?

"ನಿಮ್ಮ ಕಾಕಾ ಮೀನಕ್ಕ ಪರದೆ ಹಾಕ್ಯಾರ ನೋಡವಾ," ಎಂದು ಕಾಕು ನಗುತ್ತಿದ್ದರು.

ಇನ್ನು ನನ್ನ ವಿಷಯ. ಅಪ್ಪ, ಅವ್ವ ಕಟ್ಟಡದ ಕೆಲಸದಲ್ಲಿ ಸಿಮೆಂಟ್ ಹೊತ್ತರು. ನಾನು ಕಾಕಾನ ಮನೆಯಲ್ಲಿದ್ದು ಓದಿದೆ. ಬಿ.ಎಸ್ಸಿ., ರಸಾಯನಶಾಸ್ತ್ರ. ನಮ್ಮ ಮನೆತನದ ಮೊದಲ ಪದವಿ ನನ್ನದೇ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಂಥವಳ ಎದುರಿಗೆ ಕಲ್ಲಿನಂಥದ್ದೊಂದು ಪಾಚಿಯಂತೆ, ಅದಕ್ಕೆ ಜೀವವಂತೆ! ಬೋರ್ ನೀರಿಗೆ ಬಕೆಟ್‌ನಲ್ಲಿ ಕಲೆ ಕಟ್ಟುವುದಿಲ್ಲವೇ? ಇದೂ ಅಂಥದ್ದೇ ಸುಣ್ಣ ಎಂದು ನನ್ನ ವಾದ.

"ಜೀವ ಐತವಾ ಅದಕ್ಕ," ಎನ್ನುತ್ತಿದ್ದರು ಕಾಕಾ. ಅಷ್ಟೇ.

ಒಂದು ದಿನ ಅವರು ಉಪ್ಪು ತರಲು ಹೋದಾಗ ನಾನು ಪರೀಕ್ಷೆಗೆ ಇಳಿದೆ. ಎಲ್ಲಕ್ಕಿಂತ ಚೆನ್ನಾಗಿ ಬಣ್ಣ ಕಟ್ಟಿದ್ದ ಕಲ್ಲನ್ನು ತೆಗೆದು, ಕಾಕು ಹಿತ್ತಾಳೆ ಪಾತ್ರೆಗೆಂದು ಕಿವುಚಿಟ್ಟ ಹುಣಸೆ ನೀರಿನಲ್ಲಿ ಮುಳುಗಿಸಿದೆ. ಗುಳ್ಳೆ ಎದ್ದವು! ಇನ್ನೂ ಖಾತ್ರಿಯಾಗಲೆಂದು ತೆಂಗಿನ ನಾರಿನಿಂದ ಉಜ್ಜಿದೆ.

"ನೋಡ್ರಿ ಕಾಕು, ಕಾರ್ಬನ್ ಡೈಆಕ್ಸೈಡ್! ಸುಣ್ಣಾನ ಇದು!"

ಕಾಕು ಬಗ್ಗಿ ನೋಡಿದರು. "ಅದಿರ್ಲಿ, ಬಣ್ಣ ಎಲ್ಲಿ ಹೋತವಾ?"

ಆ ಪ್ರಶ್ನೆ ನನ್ನ ಪಠ್ಯದಲ್ಲಿರಲಿಲ್ಲ. ಕಲ್ಲು ಬೆಳ್ಳಗೆ, ಬೆಂದ ಎಲುಬಿನಂತೆ ಕೂತಿತ್ತು. ಕಾಕು ಆಮೇಲೆ ಮೆಲ್ಲಗೆ ಹೇಳಿದರು: ಕಾಕಾ ಮೊದಲು ತಂದ ಕಲ್ಲು ಅದೇ. ಅದರಿಂದ ಕೆರೆದ ಪುಡಿಯನ್ನೇ ಉಳಿದ ಕಲ್ಲುಗಳಿಗೆ ಬಿತ್ತಿದ್ದರು. ಎರಡು ವರ್ಷದ ಬೆಳೆಯನ್ನು ನಾನು ಹತ್ತು ನಿಮಿಷದಲ್ಲಿ ತೊಳೆದಿದ್ದೆ.

ಕಾಕಾ ಬಂದರು. ಕಲ್ಲನ್ನು ಎತ್ತಿ, ಹೊರಳಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ!

"ಹುಣಸಿ ಹುಳಿ ಏನು?"

"ಹೂಂ ರಿ."

"ಗುಳ್ಳಿ ಬಂದ್ವೇನು?"

"ಬಂದ್ವು ರಿ."

ಅಷ್ಟರಲ್ಲೇ ಪೇಪರ್ ಕೇಳಲು ಮೇಲಿನ ಮನೆಯ ತೆಲುಗು ಯಜಮಾನರು ಬರಬೇಕೆ? "ಏಮಂಡೀ, ನಿಮ್ಮ ರಾಣಿ ವಿಧವೆಯಾದಳಾ?" ಎಂದು ಬೆಳ್ಳಗಾದ ಕಲ್ಲು ನೋಡಿ ತೆಲುಗಿನಲ್ಲಿ ನಕ್ಕರು. ನಾನು ಅಡುಗೆಮನೆಯ ಬಾಗಿಲಿಗೆ ಸರಿದೆ. ಕಾಕಾ ತಮ್ಮ ಅರೆಬರೆ ತೆಲುಗಿನಲ್ಲಿ ಹೇಳಿದ್ದಿಷ್ಟು: ಇದು ಸುಣ್ಣ ಹೌದೋ ಅಲ್ಲವೋ ಎಂದು ನಮ್ಮ ಹುಡುಗಿ ಪರೀಕ್ಷೆ ಮಾಡಿ ತೋರಿಸಿದಳು. ಸುಣ್ಣವೇ. ಡಿಗ್ರಿ ಓದಿದವಳು ನೋಡಿ!

ಯಜಮಾನರು ಹೋದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾತ್ರಿ ಕಾಕಾ. ಅದಕ್ಕ ಜೀವ ಇತ್ತು."

"ಸುಣ್ಣಾನೂ ಇತ್ತಲ್ಲ. ಇಬ್ಬರದೂ ಖರೇನ." ಕಲ್ಲನ್ನು ಸಾದಾ ನೀರಿನಲ್ಲಿ ನಾಲ್ಕು ಸಲ ತೊಳೆದು ಮತ್ತೆ ತೊಟ್ಟಿಯೊಳಗೆ ಇಟ್ಟರು. "ಬಾಜೂ ಕಲ್ಲಿನಿಂದ ಮತ್ತ ಹಬ್ಬತೈತಿ. ಟೈಮ್ ಹಿಡಿತೈತಿ, ಅಷ್ಟ."

ಕೈ ಒರೆಸಿಕೊಂಡು, ತೊಟ್ಟಿಯ ಕೆಳಗಿನ ಖಾನೆಯಿಂದ ಒಂದು ಕಟ್ಟು ಕಾಗದ ತೆಗೆದರು. ಉಪ್ಪಿನ ಡಬ್ಬಿ, ನೀರು ಪರೀಕ್ಷಿಸುವ ಬಾಟಲಿಗಳ ಜೊತೆ ಬಂದ ಇಂಗ್ಲಿಷ್ ಚೀಟಿಗಳು. ಒಂದನ್ನೂ ಎಸೆದಿರಲಿಲ್ಲ.

"ಇಷ್ಟ ದಿನ ಅಂದಾಜಿನ ಮ್ಯಾಲೆ ನಡಿಸೇನಿ. ಪರೀಕ್ಷಾ ಇರ್ತಾವ, ನಿನಗ ತ್ರಾಸ ಯಾಕಂತ ಕೇಳಲಿಲ್ಲ. ಈಗ ನಿನ್ನ ಓದು ಮುಗೀತಲ್ಲ... ಒಂದೊಂದ ಓದಿ ಹೇಳ್ತಿಯೇನವಾ?"